ವೇಗಕ್ಕೂ ಒಂದು ಹದವುಂಟು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಬಾಳುವೆ ಬಹುಕಾಲ ಎತ್ತಿನ ಬಂಡಿಯ ಗಾಲಿಗಳ ಮೇಲೆಯೇ ಸಾಗಿಬಂದುದು. ಕರಿ ಮಣ್ಣಿನ ಹೊಲದಿಂದ ಜೋಳ, ತೊಗರಿ, ಕಡಲೆ ಮನೆಗೆ ಬರುತ್ತಿದ್ದುದು ಬಂಡಿಯಲ್ಲಿ. ಮದುವೆಯ ದಿಬ್ಬಣ ಹೊರಡುತ್ತಿದ್ದುದು ಬಂಡಿಯಲ್ಲಿ. ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗುತ್ತಿದ್ದುದೂ ಬಂಡಿಯಲ್ಲಿಯೇ. ಇಂದು ಕಾಲ ಬದಲಾಗಿದೆ. ಭೀಮೆಯ ದಂಡೆಯಲ್ಲಿ ಕಬ್ಬು ಬೆಳೆಯಿತು, ಭೂಸನೂರು, ಹವಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು, ಮಕ್ಕಳು ಓದಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ನೌಕರಿಗೆ ಹೋದರು. ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಕಾರು ನಿಂತಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಕಾರಿನ ಹಿಂದೆಯೇ ಇನ್ನೊಂದು ಮಾತು ನಮ್ಮ ಊರುಗಳಿಗೆ ಬಂದಿದೆ. ಅದೇ ‘ಮಾಡಿಫೈ’ ಮಾಡಿಸುವುದು. ಹೊಸ ಗಾಡಿ ತಂದ ತಿಂಗಳೊಳಗೆ ಸೈಲೆನ್ಸರ್ ಬಿಚ್ಚಿಸಿ ಗುಡುಗುವ ಕೊಳವೆ ಹಾಕಿಸುವುದು, ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ನೆಲಕ್ಕಿಳಿಸುವುದು, ಅಗಲದ ಟೈರು ಏರಿಸುವುದು, ಬಳಿಕ ಜೇವರ್ಗಿ ಹೆದ್ದಾರಿಯ ಮೇಲೆಯೋ ಆಳಂದ ರಸ್ತೆಯ ಮೇಲೆಯೋ ಸರಿರಾತ್ರಿಯಲ್ಲಿ ಗೆಳೆಯರೊಂದಿಗೆ ಪಂದ್ಯ ಕಟ್ಟುವುದು. ಗದರಿಸಿದರೆ, “ಇದಕ್ಕೆ ಟ್ಯೂನಿಂಗ್ ಅಂತಾರ, ನಿಮಗ ತಿಳಿಯಂಗಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಕ್ಕಳ ಈ ಮಾತಿಗೆ ಏನು ಹೇಳಬೇಕೆಂದು ತೋಚದೆ ಸುಮ್ಮನಾಗುವ ತಂದೆತಾಯಿಗಳು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರ ಸಲುವಾಗಿ, ನಿಜವಾದ ಟ್ಯೂನಿಂಗ್ ಎಂದರೇನು, ಓಟದ ಕಾರುಗಳನ್ನು ಸಾಕಿಕೊಂಡವರು ತಮ್ಮ ಗಾಡಿಗಳನ್ನು ಹೇಗೆ ಹದಗೊಳಿಸುತ್ತಾರೆ ಎಂಬುದನ್ನು ಕೇಳಿ ತಿಳಿದು ಬರೆಯುವುದು ಉಚಿತವೆಂದು ನಮಗೆ ತೋರಿತು.

ಓಟಕ್ಕೊಂದು ಕಟ್ಟೆಯುಂಟು

ನಮ್ಮ ಮೂರು ತಾಲೂಕುಗಳಲ್ಲಿ ಕಾರಿನ ಓಟದ ಟ್ರ್ಯಾಕು ಇಲ್ಲ. ದಕ್ಷಿಣ ಭಾರತದಲ್ಲಿ ಇದಕ್ಕೆ ಹೆಸರಾದ ಸ್ಥಳವೆಂದರೆ ಚೆನ್ನೈ ಸಮೀಪದ ಇರುಂಗಾಟುಕೋಟೈ. ಹಿಂದೆ ಷೋಳವರಂನ ಹಳೆಯ ವಿಮಾನ ನೆಲೆಯ ಓಡುದಾರಿಯ ಮೇಲೆ ಸ್ಪರ್ಧೆಗಳನ್ನು ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು, 1990ರಲ್ಲಿ ಇಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಶಾಶ್ವತ ಟ್ರ್ಯಾಕನ್ನು ನಿರ್ಮಿಸಿತು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ ಕಾರಿನ ಎಂಜಿನ್ನನ್ನು ಬಳಸಿ ಕಡಿಮೆ ವೆಚ್ಚದ ಓಟದ ಕಾರನ್ನು ನಮ್ಮ ದೇಶದಲ್ಲಿಯೇ ಕಟ್ಟಿಕೊಟ್ಟ, 1995ರಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರನ್ನು ಆ ಟ್ರ್ಯಾಕು ಹೊತ್ತಿದೆ. ಅಂಥ ಚಿಕ್ಕ ಕಾರುಗಳಲ್ಲಿ ಕೈಪಳಗಿಸಿಕೊಂಡ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಟದಲ್ಲಿ ಇಳಿದ ಮೊದಲ ಭಾರತೀಯರಾದರು. ದಿಲ್ಲಿಯ ಹತ್ತಿರ ಗ್ರೇಟರ್ ನೊಯಿಡಾದಲ್ಲಿ 5.125 ಕಿಲೋಮೀಟರಿನ ಬುದ್ಧ ಅಂತಾರಾಷ್ಟ್ರೀಯ ಸರ್ಕ್ಯೂಟು 2011ರಲ್ಲಿ ಆರಂಭವಾಯಿತು. ನಮಗೆ ಸಮೀಪದ ಹೈದರಾಬಾದಿನಲ್ಲಿ ಹುಸೇನ್ ಸಾಗರದ ಸುತ್ತಲಿನ ನಗರದ ರಸ್ತೆಗಳನ್ನೇ ಮುಚ್ಚಿ, ಗೋಡೆ ಕಟ್ಟಿ, 2023ರ ಫೆಬ್ರವರಿ 11ರಂದು ವಿದ್ಯುತ್ ಕಾರುಗಳ ಫಾರ್ಮುಲಾ ಇ ಸ್ಪರ್ಧೆಯನ್ನು ನಡೆಸಿದ್ದು ಓದುಗರಿಗೆ ನೆನಪಿರಬಹುದು.

ಈ ಶಾಶ್ವತ ಟ್ರ್ಯಾಕುಗಳಲ್ಲಿ ವೃತ್ತಿಯ ಓಟಗಾರರು ಓಡುವುದಲ್ಲದೆ, ಸ್ವಂತ ಕಾರುಳ್ಳ ಸಾಮಾನ್ಯರು ಶುಲ್ಕ ಕಟ್ಟಿ ಓಡಿಸುವ ದಿನಗಳೂ ಉಂಟು. ‘ಟ್ರ್ಯಾಕ್ ಡೇ’ ಎಂದು ಅದರ ಹೆಸರು. ಪೋರ್ಷೆಯಂಥ ಭಾರಿ ಬೆಲೆಯ ಸ್ಪೋರ್ಟ್ಸ್ ಕಾರಿನವರೂ ಬರುತ್ತಾರೆ. ಹಳೆಯ ಎಸ್ಟೀಮ್, ಪೋಲೋ, ಸ್ವಿಫ್ಟ್ ತಂದವರೂ ಬರುತ್ತಾರೆ. ಅಲ್ಲಿ ಎಲ್ಲ ಗಾಡಿಗಳೂ ಒಂದೇ ದಿಕ್ಕಿಗೆ ಓಡುತ್ತವೆ. ಎದುರಿನಿಂದ ಲಾರಿ ಬರುವುದಿಲ್ಲ; ಎಮ್ಮೆ ಅಡ್ಡ ಹಾಯುವುದಿಲ್ಲ. ತಿರುವಿನಲ್ಲಿ ತಪ್ಪಿದವನಿಗೆ ಹೊರಗೆ ಜಾರಿ ನಿಲ್ಲಲು ಬಯಲಿರುತ್ತದೆ. ಅಲ್ಲಲ್ಲಿ ಬಾವುಟ ಹಿಡಿದ ಕಾವಲುಗಾರರು ನಿಂತಿರುತ್ತಾರೆ: ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯ, ಕೆಂಪು ಬೀಸಿದರೆ ಎಲ್ಲರ ಓಟವೂ ನಿಂತಿತು. ಅಂಬುಲೆನ್ಸು ಸಿದ್ಧವಾಗಿ ನಿಂತಿರುತ್ತದೆ. ತಲೆಗೆ ಹೆಲ್ಮೆಟ್ಟಿಲ್ಲದವನನ್ನು ಒಳಗೆ ಬಿಡುವುದಿಲ್ಲ. ಕಾರಿನೊಳಗೆ ಕುಳಿತವನಿಗೂ ಹೆಲ್ಮೆಟ್ಟೇ ಎಂದು ನಗಬಾರದು. ಬೈಕಿನ ಮೇಲೆ ಹೋಗುವ ನಮ್ಮವರೇ ಅದನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಹೋಗುತ್ತಾರಲ್ಲ!

ಮೊದಲು ನಿಲ್ಲುವ ಬಗೆ

ಅಫಜಲಪುರದ ಕಡೆಯ ಮನೆತನದ ತರುಣರೊಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ವರ್ಷಕ್ಕೆ ಎರಡು ಮೂರು ಬಾರಿ ತಮ್ಮ ಕಾರನ್ನು ಚೆನ್ನೈ ಟ್ರ್ಯಾಕಿಗೆ ಒಯ್ಯುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರನ್ನು ಕೂಡಿಸಿಕೊಂಡು ನಾವು ಈ ವಿಷಯವನ್ನೆಲ್ಲ ವಿಚಾರಿಸಿದೆವು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, “ಏನಪಾ ತಮ್ಮಾ, ಜೋರ್ ಓಡಬೇಕಾದ್ರ ಮೊದಲ ಎಂಜಿನ್ ದೊಡ್ಡದು ಮಾಡಸ್ತೀರೇನು?” ಎಂದು ಕೇಳಿದರು. “ಇಲ್ರೀ ಮುತ್ಯಾ, ಮೊದಲ ಬ್ರೇಕ್ ನೋಡ್ತೀವಿ. ನಿಂದ್ರಲಾರದ ಗಾಡಿ ಓಡಿಸಿ ಏನ್ ಮಾಡಾದ್ರಿ?” ಎಂಬ ಉತ್ತರ ಬಂತು. ಹಿರಿಯರು ತಲೆದೂಗಿದರು. ಬೆದರಿದ ಹೋರಿಯನ್ನು ಹಗ್ಗ ಜಗ್ಗಿ ನಿಲ್ಲಿಸಿ ಅನುಭವವಿದ್ದವರು ಅವರು.

ಬ್ರೇಕಿನ ವಿಷಯವನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ಮನೆಯ ಕಾರಿಗೂ ಇದು ಸಲ್ಲುತ್ತದೆ. ಕಾರಿನ ವೇಗವನ್ನು ತಗ್ಗಿಸುವುದೆಂದರೆ ಅದರ ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. ವೇಗ ಎರಡು ಪಟ್ಟಾದರೆ ಆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಗಂಟೆಗೆ 40 ಕಿಲೋಮೀಟರಿನಲ್ಲಿ ಬ್ರೇಕು ಒತ್ತಿ ಗಾಡಿ ನಿಲ್ಲಲು ಬೇಕಾದ ದೂರಕ್ಕಿಂತ 80ರಲ್ಲಿ ನಾಲ್ಕು ಪಟ್ಟು, 120ರಲ್ಲಿ ಒಂಬತ್ತು ಪಟ್ಟು ದೂರ ಬೇಕು. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲಿಯೂ ಹಲವು ಬಾರಿ ಹೀಗೆ ಗಟ್ಟಿಯಾಗಿ ಬ್ರೇಕು ಒತ್ತುವುದರಿಂದ, ಬ್ರೇಕಿನ ತಟ್ಟೆಗಳು ನಾನೂರು ಐನೂರು ಡಿಗ್ರಿಯವರೆಗೆ ಕಾಯಬಲ್ಲವು. ಆ ಕಾವು ಬ್ರೇಕಿನ ಎಣ್ಣೆಗೂ ಇಳಿಯುತ್ತದೆ. ನಾವೆಲ್ಲ ‘ಬ್ರೇಕ್ ಆಯಿಲ್’ ಎಂದು ಕರೆಯುವ ಆ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಡಾಟ್ 4 ಎಂಬ ದರ್ಜೆಯದು ಹೊಸದಿರುವಾಗ 230 ಡಿಗ್ರಿ ಸೆಲ್ಷಿಯಸ್‌ವರೆಗಾದರೂ ಕುದಿಯದಿರಬೇಕೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಒತ್ತಡಕ್ಕೆ ಕುಗ್ಗುತ್ತದೆ. ಒತ್ತಿದ ಪೆಡಲು ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆದಕಾರಣ ಟ್ರ್ಯಾಕಿಗೆ ಹೋಗುವವರು ಹೊರಡುವ ಮೊದಲೇ ಹಳೆಯ ಎಣ್ಣೆ ತೆಗೆಯಿಸಿ ಹೊಸದನ್ನು ತುಂಬಿಸುತ್ತಾರೆ, ಕೊಳವೆಯಲ್ಲಿ ಗಾಳಿ ಉಳಿಯದಂತೆ ಹೊರಹಾಕಿಸುತ್ತಾರೆ.

ಬ್ರೇಕಿನ ಪ್ಯಾಡುಗಳ ಕಥೆ ಇನ್ನೂ ಸ್ವಾರಸ್ಯಕರ. ಓಟಕ್ಕೆಂದೇ ಮಾಡಿದ ಪ್ಯಾಡುಗಳು ಕಾದಾಗ ಬಿಗಿಯಾಗಿ ಕಚ್ಚುತ್ತವೆ, ತಣ್ಣಗಿರುವಾಗ ಸರಿಯಾಗಿ ಕಚ್ಚುವುದಿಲ್ಲ. ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟು, ಮೊದಲ ತಿರುವಿನಲ್ಲಿಯೇ ಶಾಲೆಯ ಮಗು ಅಡ್ಡ ಬಂದರೆ ಅಂಥ ಪ್ಯಾಡು ಮನೆಯ ಪ್ಯಾಡಿಗಿಂತ ಕಡೆ. ‘ರೇಸಿನ ಸಾಮಾನು’ ಎಂದೊಡನೆ ಹೆಚ್ಚು ಒಳ್ಳೆಯದು ಎಂದು ತಿಳಿದು ದುಪ್ಪಟ್ಟು ಹಣ ಕೊಟ್ಟು ತರುವ ನಮ್ಮ ಹುಡುಗರಿಗೆ ಈ ಮಾತನ್ನು ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಅಂಗಡಿಯವನಂತೂ ಹೇಳಲಾರ.

ನಾಲ್ಕು ಅಂಗೈಯಗಲದ ನೆಲ

ಕಾರು ಎಷ್ಟೇ ದೊಡ್ಡದಿರಲಿ, ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ನಾಲ್ಕು ತುಣುಕುಗಳಿಂದ ಮಾತ್ರ. ಒಂದೊಂದು ತುಣುಕೂ ಹೆಚ್ಚುಕಡಿಮೆ ಒಂದು ಅಂಗೈಯಗಲ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದ ಮೇಲೆಯೇ. ಹಾಗಾಗಿ ಟ್ರ್ಯಾಕಿನವರ ಕೈಯಲ್ಲಿ ಸದಾ ಇರುವ ಉಪಕರಣವೆಂದರೆ ಗಾಳಿಯ ಒತ್ತಡ ಅಳೆಯುವ ಗೇಜು.

ಟೈರು ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗಿ ಒತ್ತಡ ಏರುತ್ತದೆ. ಟ್ರ್ಯಾಕಿನಲ್ಲಿ ಕೆಲವು ಸುತ್ತು ಓಡಿದರೆ ಆರೆಂಟು ಪೌಂಡು ಏರುವುದುಂಟು. ಒತ್ತಡ ಹೆಚ್ಚಾದ ಟೈರು ನಡುವೆ ಉಬ್ಬಿ ನೆಲವನ್ನು ಕಡಿಮೆ ಮುಟ್ಟುತ್ತದೆ. ಕಡಿಮೆಯಾದದ್ದು ತಿರುವಿನಲ್ಲಿ ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಅದನ್ನು ಅರಿಯಲು ಅವರು ಮಾಡುವ ಉಪಾಯ ಬಹಳ ಸರಳ. ಟೈರಿನ ಅಂಚಿನಿಂದ ಮಗ್ಗುಲಿನವರೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಓಡಿ ಬಂದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದರೆ ಟೈರು ಎಷ್ಟು ಮಡಚಿತು ಎಂಬುದು ತಿಳಿಯುತ್ತದೆ. ಬಂದ ಕ್ಷಣವೇ, ತಣಿಯುವ ಮೊದಲೇ, ಒತ್ತಡ ಅಳೆದು ಹೆಚ್ಚಿದ್ದನ್ನು ಬಿಡುತ್ತಾರೆ. ಬಲಕ್ಕೆ ಸುತ್ತುವ ಟ್ರ್ಯಾಕಾದರೆ ಎಡಗಡೆಯ ಟೈರುಗಳೇ ಹೆಚ್ಚು ದುಡಿದು ಹೆಚ್ಚು ಕಾಯುತ್ತವೆ. ಆದ್ದರಿಂದ ನಾಲ್ಕಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಚಾಕರಿ ನೋಡಿ ಮೇವು ಹಾಕುವ ಒಕ್ಕಲಿಗನಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಚಕ್ರದ ನಟ್ಟುಗಳನ್ನು ಬಿಗಿಯುವುದಕ್ಕೂ ಅಳತೆಯ ಪಾನಾ ಉಂಟು. ಎಷ್ಟು ಬಲಕ್ಕೆ ಬಿಗಿಯಬೇಕೆಂದು ತಯಾರಕರು ಹೇಳಿರುತ್ತಾರೋ ಅಷ್ಟಕ್ಕೆ ಬಿಗಿದು, ಓಡಿ ಬಂದು ತಣಿದ ಮೇಲೆ ಮತ್ತೊಮ್ಮೆ ನೋಡುತ್ತಾರೆ. ಬಂಡಿಯ ಕಡಾಣಿಯನ್ನು ನೋಡದೆ ನಮ್ಮ ಹಿರಿಯರು ಬಂಡಿ ಹೂಡುತ್ತಿರಲಿಲ್ಲ. ಅಚ್ಚಿನ ತುದಿಯ ಆ ಒಂದು ಗೇಣುದ್ದದ ಕಬ್ಬಿಣ ಜಾರಿದರೆ ಗಾಲಿ ಕಳಚಿ ಬಂಡಿ ಮಗ್ಗುಲಾಗುತ್ತದೆ. ಜೇವರ್ಗಿ ಸೀಮೆಗೆ ನೆರೆಯಾದ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನು ಬಂಡಿಯ ಕಡೆಗೀಲಿನ ಈ ಹೋಲಿಕೆಯನ್ನು ತನ್ನ ವಚನವೊಂದರಲ್ಲಿ ತಂದಿರುವುದು ಓದುಗರಿಗೆ ತಿಳಿದಿದೆ. ಒಡಲೆಂಬ ಬಂಡಿಗೆ ಶರಣರ ಮಾತೇ ಆ ಕೀಲು ಎಂಬುದು ಅಲ್ಲಿನ ಭಾವ. ಗಾಲಿಯ ಮರ್ಮ ಅರಿತ ಜನರ ನಡುವೆ ಬಾಳಿದವನಿಗೆ ಮಾತ್ರ ಇಂಥ ಹೋಲಿಕೆ ಹೊಳೆಯಲು ಸಾಧ್ಯ.

ಭಾರ ಹಂಚುವ ವಿದ್ಯೆ

ನಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ತೂಕದ ವಿಷಯ. ಬಂಡಿಯಲ್ಲಿ ಜೋಳದ ಚೀಲ ಹೇರುವುದನ್ನು ಕಂಡವರಿಗೆ ಗೊತ್ತಿದೆ. ಭಾರ ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಒತ್ತಿ ಗಾಯ ಮಾಡುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಗಂಟಲನ್ನು ಬಿಗಿಯುತ್ತದೆ. ಅಚ್ಚಿನ ಮೇಲೆ ಸಮತೂಕ ನಿಲ್ಲುವಂತೆ ಚೀಲಗಳನ್ನು ಒಂದು ಗೇಣು ಹಿಂದೆ, ಒಂದು ಗೇಣು ಮುಂದೆ ಸರಿಸಿ ಹದ ಹಿಡಿಯುವ ಕೈ ಎಲ್ಲರದಲ್ಲ. ಓಟದ ಕಾರಿನವರು ಮಾಡುವುದೂ ಇದನ್ನೇ. ಮಟ್ಟಸವಾದ ನೆಲದ ಮೇಲೆ ನಾಲ್ಕು ತಕ್ಕಡಿಗಳನ್ನಿಟ್ಟು ಒಂದೊಂದು ಚಕ್ರವನ್ನು ಒಂದೊಂದರ ಮೇಲೆ ನಿಲ್ಲಿಸುತ್ತಾರೆ. ಓಡಿಸುವವನು ತನ್ನ ಆಸನದಲ್ಲಿ ಕುಳಿತಿರಬೇಕು, ಇಲ್ಲವೇ ಅವನಷ್ಟೇ ತೂಕದ ಮೂಟೆಯನ್ನು ಅಲ್ಲಿ ಇಡಬೇಕು. ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ತೂಕವನ್ನು ಕೂಡಿದರೆ ಒಟ್ಟು ತೂಕದ ಅರ್ಧದ ಸನಿಹಕ್ಕೆ ಬರಬೇಕು. ಕರ್ಣಕ್ಕೆ ಕರ್ಣ ಸಮನಾದರೆ ಕಾರು ಎಡಕ್ಕೂ ಬಲಕ್ಕೂ ಒಂದೇ ತೆರನಾಗಿ ತಿರುಗುತ್ತದೆ. ಸಮನಾಗದಿದ್ದರೆ ಸ್ಪ್ರಿಂಗಿನ ಕೆಳಗಿನ ಬಳೆಯನ್ನು ತುಸುವೇ ತಿರುಗಿಸಿ ಎತ್ತರ ತಗ್ಗಿಸಿ ಸರಿಪಡಿಸುತ್ತಾರೆ. ಅದಕ್ಕೆ ಮೊದಲು ಕಾರಿನಿಂದ ಸ್ಟೆಪ್ನಿ, ಜಾಕು, ಕಾಲೊರಸು, ಸಡಿಲವಾಗಿ ಉರುಳಾಡುವ ನೀರಿನ ಬಾಟಲಿ ಎಲ್ಲವನ್ನೂ ಹೊರಗೆ ತೆಗೆದಿರುತ್ತಾರೆ. ಬ್ರೇಕು ಪೆಡಲಿನ ಕೆಳಗೆ ಬಾಟಲಿ ಉರುಳಿದರೆ ಆಗುವ ಅನಾಹುತವನ್ನು ಊಹಿಸಬಹುದು.

ಇನ್ನು ಚಕ್ರದ ವಾಲು. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ತುಸು ಒಳಕ್ಕೆ ವಾಲುವಂತೆ ಮಾಡುವುದಕ್ಕೆ ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ, ಮೊದಲೇ ಒಳಕ್ಕೆ ವಾಲಿದ್ದ ಹೊರಚಕ್ರ ನೆಲಕ್ಕೆ ಸಪಾಟಾಗಿ ಕೂಡುತ್ತದೆ. ಮನೆಯ ಕಾರಿನಲ್ಲಿ ಈ ವಾಲು ಒಂದು ಡಿಗ್ರಿಯ ಒಳಗಿದ್ದರೆ, ಟ್ರ್ಯಾಕಿಗೆ ಎರಡು ಮೂರು ಡಿಗ್ರಿ ಕೊಡುವುದುಂಟು. ಅದೇ ವಾಲಿನಲ್ಲಿ ದಿನವೂ ನೇರ ರಸ್ತೆಯಲ್ಲಿ ಓಡಿದರೆ ಟೈರಿನ ಒಳ ಅಂಚು ಬೇಗನೆ ಸವೆದು ನೂಲು ಕಾಣತೊಡಗುತ್ತದೆ. ಹೊರಗಿನಿಂದ ನೋಡಿದವರಿಗೆ ಟೈರು ಹೊಸದರಂತೆಯೇ ಕಾಣುತ್ತಿರುತ್ತದೆ. ಸ್ಪ್ರಿಂಗ್ ಕತ್ತರಿಸಿ ಇಳಿಸಿದ ಗಾಡಿಗಳಲ್ಲಿ ಈ ವಾಲು ಕೆಡುವುದು ಸಾಮಾನ್ಯ. ನಮ್ಮ ಕಡೆಯ ಬಿಸಿಲಿನಲ್ಲಿ, ಬೇಸಿಗೆಯ 42, 43 ಡಿಗ್ರಿಯಲ್ಲಿ, ಒಳಗಡೆ ಸವೆದ ಟೈರು ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಡ.

ಎಡಬಲ ಚಕ್ರಗಳನ್ನು ಜೋಡಿಸುವ ಒಂದು ಸರಳು ಕಾರಿನ ಮುಂದೆಯೂ ಹಿಂದೆಯೂ ಇರುತ್ತದೆ. ಮುಂದಿನದು ಗಡುಸಾದರೆ ಕಾರು ತಿರುವಿನಲ್ಲಿ ತಿರುಗಲೊಲ್ಲದೆ ನೇರ ಹೋಗಲೆಳಸುತ್ತದೆ. ಹಿಂದಿನದು ಗಡುಸಾದರೆ ಬಾಲ ಹೊರಳಿ ಗಾಡಿಯೇ ಸುತ್ತುವ ಭಯ. ಇವೆರಡರ ನಡುವಣ ಹದವನ್ನು ಹಿಡಿಯುವುದರಲ್ಲಿಯೇ ಅವರ ದಿನಗಳು ಕಳೆಯುತ್ತವೆ. ಅದಕ್ಕೆ ಒಂದು ಕಟ್ಟುನಿಟ್ಟಾದ ಪದ್ಧತಿಯುಂಟು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಆ ತರುಣರು ತಮ್ಮ ವಹಿಯನ್ನು ನಮಗೆ ತೋರಿಸಿದರು. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತಿತ್ತು. ದಿನಾಂಕ, ಬೆಳಗಿನ ಹವೆ, ನಾಲ್ಕು ಟೈರುಗಳ ತಣ್ಣನೆಯ ಒತ್ತಡ, ಬಿಸಿ ಒತ್ತಡ, ಷಾಕ್ ಅಬ್ಸಾರ್ಬರಿನ ತಿರುಪನ್ನು ಎಷ್ಟು ಸುತ್ತು ತಿರುಗಿಸಿದ್ದು, ಒಂದು ಸುತ್ತಿಗೆ ಹಿಡಿದ ವೇಳೆ, ಕೊನೆಯಲ್ಲಿ ‘ಮೂರನೆಯ ತಿರುವಿನಲ್ಲಿ ಬಾಲ ಸಡಿಲ’ ಎಂಬಂಥ ಟಿಪ್ಪಣಿ. ಎರಡು ವರ್ಷಗಳ ಲೆಕ್ಕ ಅದರಲ್ಲಿತ್ತು. ಎಂಜಿನಿನ ಶಕ್ತಿ ಹೆಚ್ಚಿಸಿದ ದಾಖಲೆ ಎಲ್ಲಿ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. “ಇದ್ದ ಶಕ್ತೀನೇ ಪೂರ್ತಿ ಬಳಸಲಿಕ್ಕ ಇನ್ನೂ ಬಂದಿಲ್ರೀ ಕಾಕಾ” ಎಂದು ನಕ್ಕರು.

ಎಂಜಿನಿನ ವಿಷಯದಲ್ಲಿ ಅವರು ಮಾಡುವುದು ಇಷ್ಟೆ. ಗಾಡಿ ಜೋರಾಗಿ ತಿರುಗುವಾಗ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿ ಹೀರಿ ಎಂಜಿನ್ ಸುಡುವ ಅಪಾಯವಿರುವುದರಿಂದ ಎಣ್ಣೆಯನ್ನು ಮೇಲಿನ ಗೆರೆಯವರೆಗೆ ಇಟ್ಟುಕೊಳ್ಳುವುದು, ಆದರೆ ಗೆರೆ ಮೀರದಂತೆ ನೋಡಿಕೊಳ್ಳುವುದು. ರೇಡಿಯೇಟರಿನ ನೀರು ನೋಡುವುದು. ಕೊನೆಯ ಸುತ್ತನ್ನು ಬ್ರೇಕು ಒತ್ತದೆ ಮೆಲ್ಲನೆ ಓಡಿಸಿ ಎಲ್ಲವೂ ತಣಿಯಲು ಬಿಡುವುದು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕು ಸಹ ಎಳೆಯುವುದಿಲ್ಲವಂತೆ; ಕಾದ ಪ್ಯಾಡು ತಟ್ಟೆಗೆ ಅಂಟಿಕೊಳ್ಳುತ್ತದೆ ಎಂದು ಗಾಲಿಗೆ ಕಲ್ಲು ಕೊಡುತ್ತಾರೆ. ತೇರಿನ ಗಾಲಿಗೆ ಮರದ ತುಂಡು ಕೊಡುವುದು ನೆನಪಾಯಿತು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಇದು ಬಡವರ ಆಟವಲ್ಲ. ಟೈರು, ಪ್ಯಾಡು, ಎಣ್ಣೆ, ಶುಲ್ಕ, ಪ್ರಯಾಣ ಎಲ್ಲವೂ ಕೈಯಿಂದಲೇ. ಸಾಮಾನ್ಯ ವಿಮೆಯ ಪತ್ರದಲ್ಲಿ ಓಟದ ಸ್ಪರ್ಧೆ, ವೇಗ ಪರೀಕ್ಷೆಗಳಿಗೆ ಈ ವಿಮೆ ಸಲ್ಲದು ಎಂದು ಬರೆದೇ ಇರುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ಗಾಡಿ ಜಜ್ಜಿದರೆ ನಷ್ಟ ಒಡೆಯನದೇ. ಇಷ್ಟು ಹಣವನ್ನು ದಾಸೋಹಕ್ಕೋ ಬಡಮಕ್ಕಳ ಓದಿಗೋ ಕೊಡಬಹುದಿತ್ತಲ್ಲ ಎಂದು ನಮ್ಮಲ್ಲಿ ಕೆಲವರಿಗೆ ಅನಿಸಿದರೆ ಅದು ತಪ್ಪೆನ್ನಲಾಗದು, ನಮಗೂ ಅನಿಸಿತು. ಆದರೂ ಮೈಯೆಲ್ಲ ಕಣ್ಣಾಗಿ ಮಾಡುವ ಆ ಕೆಲಸದಲ್ಲಿ ಒಂದು ಶಿಸ್ತಿದೆ ಎಂಬುದನ್ನು ಒಪ್ಪಲೇಬೇಕು.

ನಮ್ಮ ರಸ್ತೆಗಳ ಮೇಲೆ

ಈಗ ನಮ್ಮ ಹುಡುಗರು ‘ಟ್ಯೂನಿಂಗ್’ ಎಂದು ಕರೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಸೈಲೆನ್ಸರಿನ ಸದ್ದಿನಿಂದ ಗಾಡಿಯ ಹಿಡಿತ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಕತ್ತರಿಸಿದ ಸ್ಪ್ರಿಂಗಿನಿಂದ ಚಕ್ರ ಕುಣಿದು ನೆಲ ಬಿಡುತ್ತದೆ. ಅಳತೆ ಮೀರಿದ ಟೈರು ತಿರುವಿನಲ್ಲಿ ಮೈಗೆ ಉಜ್ಜುತ್ತದೆ. ಬ್ರೇಕನ್ನು ಮುಟ್ಟಿದವರು ನೂರಕ್ಕೊಬ್ಬರೂ ನಮಗೆ ಕಾಣಲಿಲ್ಲ.

ರಸ್ತೆಯಾದರೂ ಎಂಥದು? ಅಮಾವಾಸ್ಯೆ ಬಂದರೆ ಘತ್ತರಗಿಯ ಭಾಗ್ಯವಂತಿಗೆ, ಹುಣ್ಣಿಮೆ ಬಂದರೆ ಭೀಮಾ ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಜನ ಹಗಲಿರುಳೆನ್ನದೆ ನಡೆದು ಹೋಗುತ್ತಾರೆ. ಹಿಂದಿನ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರ ಜಾತ್ರೆಗೆ ಹೋಳಿಯ ಆಸುಪಾಸಿನಲ್ಲಿ ಸುತ್ತಲ ಹಳ್ಳಿಗಳಿಂದ ಪಾದಯಾತ್ರಿಕರ ಸಾಲೇ ಹೊರಡುತ್ತದೆ. ಹೆಂಗಸರು, ಮುದುಕರು, ಹೆಗಲ ಮೇಲೆ ಮಕ್ಕಳು. ಅದೇ ತಿಂಗಳುಗಳಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಹಿಂದೆ ದೀಪವಿಲ್ಲದೆ, ರಾತ್ರಿಯೆಲ್ಲ ತೆವಳುತ್ತಿರುತ್ತವೆ. ಗಂಟೆಗೆ 120 ಕಿಲೋಮೀಟರಿನ ಕಾರು ಒಂದು ಸೆಕೆಂಡಿಗೆ 33 ಮೀಟರು ಕ್ರಮಿಸುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದುಹೋಗಿರುತ್ತದೆ. ಬ್ರೇಕಿನ ದೂರ ಆಮೇಲಿನದು. ಇಲ್ಲಿ ಹಳದಿ ಬಾವುಟ ಬೀಸುವವರಿಲ್ಲ, ಜಾರಿ ನಿಲ್ಲಲು ಬಯಲಿಲ್ಲ; ರಸ್ತೆಯ ಪಕ್ಕಕ್ಕೆ ಇರುವುದು ಜಾಲಿಯ ಮರ, ಇಲ್ಲವೇ ನಡೆಯುವ ಮನುಷ್ಯ. ಹೀಗೆ ಹೋದವರ ಮನೆಗಳಿಗೆ ಸಾಂತ್ವನ ಹೇಳಲು ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮನೆಗಳ ಅಂಗಳದಲ್ಲಿ ಮಾತು ಬಾರದು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಮನೆಯ ಹಿರಿಯರು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಗ್ಯಾಸು ಅಳವಡಿಸುವಂಥ ಕೆಲವು ಬದಲಾವಣೆಗಳಿಗೆ ಅನುಮತಿ ಪಡೆಯಲು ಹಾದಿಯಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿ ಗಾಡಿ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ ಮತ್ತು 10,000ದವರೆಗೆ.

ತಂದೆಯರು ಮುಖ್ಯವಾಗಿ ಗಮನಿಸಬೇಕಾದದ್ದು 199ಎ ಎಂಬ ಕಲಮು. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನೋ ವಾಹನದ ಒಡೆಯನೋ ತಪ್ಪಿತಸ್ಥನೆನಿಸುತ್ತಾನೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ತನಗೆ ತಿಳಿಯದಂತೆ ಆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ಸಾಬೀತು ಮಾಡುವ ಹೊಣೆ ಪೋಷಕನದೇ. “ಹುಡುಗ ಹಟ ಹಿಡಿದ, ಕೀಲಿಕೈ ಕೊಟ್ಟೆ” ಎಂಬ ಮಾತು ಅಲ್ಲಿ ನಡೆಯದು.

ಎತ್ತಿನ ಬಂಡಿಯ ಶರ್ಯತ್ತಿಗೂ ಇಂಥ ಕಟ್ಟಳೆಗಳು ಬಂದಿವೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಂಡಿ ಓಟಗಳನ್ನು ತಡೆದದ್ದು, ಬಳಿಕ ಕರ್ನಾಟಕವು ಕಂಬಳ ಮತ್ತು ಬಂಡಿ ಓಟಕ್ಕಾಗಿ ಕಾಯ್ದೆಗೆ ತಿದ್ದುಪಡಿ ತಂದದ್ದು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ನಮ್ಮ ರೈತರಿಗೆಲ್ಲ ಗೊತ್ತಿರುವ ಸಂಗತಿ. ಎತ್ತಿನ ಓಟಕ್ಕೇ ಮೈದಾನ, ನಿಯಮ, ಅನುಮತಿ ಬೇಕೆಂದು ಒಪ್ಪಿದ ನಾವು, ನೂರು ಕುದುರೆಗಳ ಶಕ್ತಿಯ ಎಂಜಿನ್ನನ್ನು ಬಯಲಿಗೆ ಬಿಟ್ಟು ಸುಮ್ಮನಿರುವುದು ಯಾವ ನ್ಯಾಯ?

ಹಾಗೆಂದು ವೇಗದ ಒಲವಿರುವ ಮಕ್ಕಳನ್ನು ಚಿವುಟಿ ಹಾಕಬೇಕೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮೋಟಾರ್ ಸೈಕಲ್ಲಿನ ಮಹಿಳಾ ವಿಭಾಗದ ವಿಶ್ವಕಪ್ಪನ್ನು ಗೆದ್ದರು. ಹೆಣ್ಣುಮಗಳೊಬ್ಬಳು ಗೆದ್ದ ಸುದ್ದಿ ನಮ್ಮ ಕಡೆ ಅಷ್ಟಾಗಿ ಚರ್ಚೆಯಾಗಲಿಲ್ಲವೆಂಬುದು ಖೇದದ ವಿಷಯ. ಈ ಆಟಕ್ಕೂ ಒಂದು ರಾಷ್ಟ್ರೀಯ ಸಂಸ್ಥೆಯಿದೆ: ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ. ಅದರ ಪರವಾನಗಿ ಪಡೆದೇ ಸ್ಪರ್ಧೆಗೆ ಇಳಿಯಬೇಕು. ಚಿಕ್ಕವರು ಮೊದಲು ಕಲಿಯುವುದು ಕಾರ್ಟಿಂಗ್ ಎಂಬ, ನೆಲಕ್ಕಂಟಿದ ಪುಟ್ಟ ಬಂಡಿಗಳಲ್ಲಿ. ಬೆಂಗಳೂರು, ಹೈದರಾಬಾದುಗಳಲ್ಲಿ ಅದಕ್ಕೆ ಅಂಗಳಗಳಿವೆ. ರಜೆಯಲ್ಲಿ ಆ ಊರುಗಳ ನೆಂಟರ ಮನೆಗೆ ಹೋದಾಗ ಅರ್ಧ ದಿನ ಅಲ್ಲಿಗೆ ಕರೆದೊಯ್ದರೆ, ಮಗನಲ್ಲಿಯೋ ಮಗಳಲ್ಲಿಯೋ ನಿಜವಾದ ಒಲವಿದೆಯೋ ಬರಿಯ ಸದ್ದಿನ ಮೋಹವೋ ಎಂಬುದು ತಂದೆತಾಯಿಗಳ ಕಣ್ಣಿಗೇ ಕಾಣುತ್ತದೆ.

ಊರಲ್ಲೇ ಉಳಿದವರಿಗೆ ಕೆಲಸ ಇಷ್ಟು: ಈ ವಾರ ಮನೆಯ ಗಾಡಿಯ ಬ್ರೇಕಿನ ಎಣ್ಣೆಯನ್ನು ಯಾವಾಗ ಬದಲಿಸಿದ್ದೆಂದು ಮಗನನ್ನು ಕೇಳಬೇಕು. ಎರಡು ವರ್ಷ ದಾಟಿದ್ದರೆ ಬದಲಿಸಿಕೊಂಡು ಬರಲು ಅವನನ್ನೇ ಕಳಿಸಬೇಕು. ಟೈರಿನ ಒಳ ಅಂಚನ್ನು ಕೈಯಾಡಿಸಿ ನೋಡಲಿ. ಕಬ್ಬಿನ ಟ್ರೇಲರು ಇದ್ದವರು ಅದರ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲಿ. ಅದಕ್ಕೆ ತಗಲುವ ವೆಚ್ಚ ಒಂದು ಹೊತ್ತಿನ ಡೀಸೆಲ್ಲಿಗಿಂತ ಕಡಿಮೆ. ಬರುವ ಜಾತ್ರೆಗೆ ನಡೆದು ಹೊರಡುವವರು ಇರುಳು ರಸ್ತೆಯ ಬಲಬದಿಯಲ್ಲಿ, ಎದುರು ಬರುವ ದೀಪ ಕಾಣುವಂತೆ, ಬಿಳಿ ಬಟ್ಟೆ ತೊಟ್ಟು ಸಾಗುವುದು ಒಳಿತು.